ತಾಳ್ಯದ ಕಲ್ಲು, ಅಲಾಸ್ಕಾದ ಹಿಮ

ಅಮೆರಿಕದ ಸಿಯಾಟಲ್‌ನಲ್ಲಿ ಮಕ್ಕಳಿರುವ ನಮ್ಮ ಕಡೆಯ ತಂದೆ-ತಾಯಂದಿರು ಬೇಸಿಗೆಯಲ್ಲಿ ಅಲ್ಲಿಗೆ ಹೋದರೆ ಅಲಾಸ್ಕಾದ ಹಡಗು ಪ್ರವಾಸವನ್ನು ಮುಗಿಸಿಕೊಂಡೇ ಬರುವುದು ಈಗ ರೂಢಿಯಾಗುತ್ತಿದೆ. ಬಂದರಿನಲ್ಲಿ ಹಡಗು ಹತ್ತುವುದು, ಒಂದು ವಾರ ಉತ್ತರದ ಕಾಡು ಕರಾವಳಿಯ ಗುಂಟ ಸಾಗುವುದು, ಹಿಮನದಿ ನೋಡಿ ಅದೇ ಬಂದರಿಗೆ ಮರಳುವುದು. ಊರಿಗೆ ಬಂದ ಮೇಲೆ ಮೊಬೈಲಿನಲ್ಲಿರುವ ನೂರಾರು ಫೋಟೊಗಳನ್ನು ಬಂದವರಿಗೆಲ್ಲ ತೋರಿಸುವುದು. ಫೋಟೊದಲ್ಲಿ ನೀಲಿ ಹಿಮ ಇರುತ್ತದೆ, ಸ್ವೆಟರ್ ಹಾಕಿಕೊಂಡು ನಗುವ ಮುಖಗಳಿರುತ್ತವೆ. ಆದರೆ ಆ ನೀರು ಎಲ್ಲಿಂದ ಬಂತು, ಆ ಕಾಡು ಏಕೆ ಅಷ್ಟು ದಟ್ಟವಾಗಿದೆ, ಆ ಹಿಮ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದರೆ ಉತ್ತರ ಸಿಗುವುದು ಕಡಿಮೆ. ಅದು ನೋಡಿದವರ ತಪ್ಪಲ್ಲ. ಹಡಗಿನ ಕಂಪನಿಗಳು ಮಾರುವುದು ಊಟ, ನಾಟಕ, ಈಜುಕೊಳ ಮತ್ತು ಒಂದಿಷ್ಟು ನೋಟ. ಆ ನೋಟವನ್ನು ಓದುವುದು ಹೇಗೆಂದು ಅವರು ಹೆಚ್ಚಾಗಿ ಹೇಳಿಕೊಡುವುದಿಲ್ಲ.

ದುರ್ಗದ ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವು ಗೆಳೆಯರು ಹೀಗೆ ಒಂದು ಬೇಸಿಗೆ ಆ ಕರಾವಳಿಗೆ ಹೋದೆವು. ಚಿತ್ರದುರ್ಗದವರು, ಹಿರಿಯೂರಿನವರು, ಹೊಸದುರ್ಗದ ತೆಂಗಿನ ತೋಟದವರು, ಹೊಳಲ್ಕೆರೆಯಲ್ಲಿ ಭೂಗೋಳದ ಮೇಡಂ ಆಗಿದ್ದು ನಿವೃತ್ತರಾದವರು ಗುಂಪಿನಲ್ಲಿದ್ದರು. ಎಲ್ಲರೂ ಮಳೆಗಾಗಿ ಆಕಾಶ ನೋಡಿ ಬೆಳೆದವರು. ಬಯಲುಸೀಮೆಯವರಿಗೆ ಆ ಕರಾವಳಿಯನ್ನು ನೋಡಲು ಬೇರೆಯವರಿಗಿಲ್ಲದ ಒಂದು ಕಣ್ಣಿದೆ ಎಂಬುದು ಅಲ್ಲಿ ನನಗೆ ಮನದಟ್ಟಾಯಿತು. ಈ ಲೇಖನ ಬರೆಯಲು ಅದೇ ಕಾರಣ.

ಮೊದಲು ದಾರಿಯ ವಿಷಯ. ಸಿಯಾಟಲ್‌ನಿಂದ ಅಥವಾ ಕೆನಡಾದ ವ್ಯಾಂಕೂವರ್‌ನಿಂದ ಈ ಹಡಗುಗಳು ಹೊರಡುತ್ತವೆ. ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಇವುಗಳ ಕಾಲ. ಅಲಾಸ್ಕಾದ ಆಗ್ನೇಯ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ದ್ವೀಪಗಳ ಒಂದು ಸಾಲಿದೆ. ಪೆಸಿಫಿಕ್ ಸಾಗರದ ಅಲೆಗಳನ್ನು ಆ ದ್ವೀಪಗಳು ಹೊರಗೇ ತಡೆಯುತ್ತವೆ. ದ್ವೀಪಗಳಿಗೂ ಮುಖ್ಯ ನೆಲಕ್ಕೂ ನಡುವೆ ಇರುವ ಕಾಲುವೆಯಂಥ ನೀರಿನ ಹಾದಿಯನ್ನು ‘ಇನ್‌ಸೈಡ್ ಪ್ಯಾಸೇಜ್’ ಎನ್ನುತ್ತಾರೆ. ಹಿಂದಿನ ಹಿಮಯುಗಗಳಲ್ಲಿ ಹಿಮನದಿಗಳು ಬೆಟ್ಟಗಳ ನಡುವೆ ಆಳವಾಗಿ ಕೊರೆದ ಕಣಿವೆಗಳಿಗೆ ಆಮೇಲೆ ಸಮುದ್ರ ನುಗ್ಗಿ ಆದ ಹಾದಿ ಅದು. ಹಾಗಾಗಿ ದಡದ ಪಕ್ಕದಲ್ಲೇ ನೀರು ನೂರಾರು ಅಡಿ ಆಳ. ದೊಡ್ಡ ಹಡಗು ಕಾಡಿನ ಮರಗಳನ್ನು ಎಣಿಸುವಷ್ಟು ಹತ್ತಿರ ಹಾದುಹೋಗಲು ಸಾಧ್ಯವಾಗುವುದು ಈ ಆಳದಿಂದಲೇ.

ಹೊರಡುವವರು ತಿಳಿದಿರಬೇಕಾದ ಒಂದೆರಡು ವಿಷಯಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ಒಳಹಾದಿಯಲ್ಲೇ ಸಾಗುತ್ತವೆ. ಸಿಯಾಟಲ್‌ನಿಂದ ಹೊರಡುವ ಬಹುಪಾಲು ಹಡಗುಗಳು ವ್ಯಾಂಕೂವರ್ ದ್ವೀಪದ ಹೊರಗಿನ ತೆರೆದ ಸಾಗರದಲ್ಲಿ ಒಂದಷ್ಟು ದೂರ ಹೋಗುತ್ತವೆ, ಅಲ್ಲಿ ಹಡಗು ತೂಗುತ್ತದೆ. ತಲೆಸುತ್ತು, ವಾಂತಿ ಬರುವವರು ಇದನ್ನು ಗಮನಿಸಬೇಕು. ಇನ್ನೊಂದು ವೀಸಾದ ವಿಚಾರ. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಿಂದ ಪ್ರಯಾಣಿಕರನ್ನು ಕರೆದೊಯ್ದರೆ ನಡುವೆ ಪರದೇಶದ ಒಂದು ಬಂದರನ್ನಾದರೂ ಮುಟ್ಟಿ ಬರಬೇಕು ಎಂದು 1886ರ ಅಮೆರಿಕದ ಕಾನೂನು ಹೇಳುತ್ತದೆ. ಈ ದೊಡ್ಡ ಹಡಗುಗಳು ಹೆಚ್ಚಾಗಿ ಬೇರೆ ದೇಶಗಳಲ್ಲಿ ನೋಂದಣಿಯಾದವು. ಅದಕ್ಕೇ ಸಿಯಾಟಲ್ ಹಡಗುಗಳು ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತವೆ. ಅಂದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕಕ್ಕೆ ಮತ್ತೆ ಮತ್ತೆ ಪ್ರವೇಶ ಕೊಡುವ ವೀಸಾದ ಜೊತೆಗೆ ಕೆನಡಾದ ವೀಸಾವೂ ಬೇಕು. ಮಕ್ಕಳು ಟಿಕೆಟ್ ಕೊಂಡ ಮೇಲೆ ಇದು ನೆನಪಾದರೆ ಪ್ರಯೋಜನವಿಲ್ಲ. ವಯಸ್ಸಾದವರಿಗೆ ಪ್ರವಾಸದ ವಿಮೆಯೂ ಬೇಕೇ ಬೇಕು. ಆ ಊರುಗಳಿಂದ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರೆ ವಿಮಾನವೇ ಗತಿ, ಅದರ ವೆಚ್ಚ ಸಾಮಾನ್ಯ ಕುಟುಂಬ ತಾಳುವಂಥದ್ದಲ್ಲ.

ಊಟದ ಚಿಂತೆ ಬೇಡ. ಸಸ್ಯಾಹಾರ ಸಿಗುತ್ತದೆ, ಮೊದಲೇ ಹೇಳಿದರೆ ಅನ್ನ-ಸಾರಿನಂಥದ್ದನ್ನೂ ಮಾಡಿಕೊಡುತ್ತಾರೆ. ನಮ್ಮವರು ಒಯ್ದಿದ್ದ ಕಡ್ಲೆಬೀಜದ ಚಟ್ನಿಪುಡಿ ಊಟದ ಮೇಜಿನಲ್ಲಿ ದಿನವೂ ಸುತ್ತು ಹೊಡೆಯುತ್ತಿತ್ತು.

ಹಡಗು ಮೊದಲು ನಿಲ್ಲುವ ಊರುಗಳಲ್ಲಿ ಕೆಚಿಕನ್ ಒಂದು. ಅಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಆಗುಂಬೆ ಅದನ್ನೂ ಮೀರಿಸುತ್ತದೆ, ನಿಜ. ಆದರೆ ಆಗುಂಬೆಯ ಮಳೆ ಬಹುಪಾಲು ಕೆಲವೇ ತಿಂಗಳುಗಳಲ್ಲಿ ಸುರಿದು ಮುಗಿಯುತ್ತದೆ. ಕೆಚಿಕನ್‌ನಲ್ಲಿ ಅದು ವರ್ಷವಿಡೀ, ಜೋರಿಲ್ಲದೆ, ಬಿಡುವಿಲ್ಲದೆ ಬೀಳುತ್ತದೆ. ಪೆಸಿಫಿಕ್‌ನ ಮೇಲಿಂದ ಬರುವ ತೇವದ ಗಾಳಿ ಕರಾವಳಿಯ ಕಡಿದಾದ ಬೆಟ್ಟಗಳಿಗೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಮಳೆಯಾಗುತ್ತದೆ. ನಮ್ಮ ಪಶ್ಚಿಮಘಟ್ಟದಲ್ಲಿ ನಡೆಯುವುದೂ ಇದೇ. ಘಟ್ಟದಲ್ಲಿ ಮಳೆ ಸುರಿಸಿ ಬರಿದಾದ ಗಾಳಿ ನಮ್ಮ ಮೇಲೆ ಹಾದುಹೋಗುತ್ತದೆ. ಹಿರಿಯೂರು ಸೀಮೆಗೆ ವರ್ಷಕ್ಕೆ ಐನೂರು-ಆರುನೂರು ಮಿಲಿಮೀಟರಿನ ಆಸುಪಾಸು ಉಳಿಯುತ್ತದೆ. ಅಲಾಸ್ಕಾದ ಆ ಬೆಟ್ಟಗಳ ಆಚೆಗೂ, ಕೆನಡಾದ ಯೂಕಾನ್‌ನಲ್ಲಿ, ಇಂಥದೇ ಒಣ ಸೀಮೆ ಇದೆ. ಬೆಟ್ಟದ ಒಂದು ಮಗ್ಗುಲಲ್ಲಿ ಕಾಡು, ಇನ್ನೊಂದು ಮಗ್ಗುಲಲ್ಲಿ ಬರ. ಮಳೆ ನೆರಳಿನಲ್ಲಿ ಹುಟ್ಟಿದವರಿಗೆ ಇದನ್ನು ನಕ್ಷೆ ಬಿಡಿಸಿ ತೋರಿಸಬೇಕಿಲ್ಲ.

ಆ ಮಳೆಯಲ್ಲಿ ಬೆಳೆದದ್ದು ಟಾಂಗಸ್ ಅರಣ್ಯ. ಸುಮಾರು 1.7 ಕೋಟಿ ಎಕರೆಯಷ್ಟು ವ್ಯಾಪಿಸಿರುವ ಇದು ಅಮೆರಿಕದ ಅತಿ ದೊಡ್ಡ ರಾಷ್ಟ್ರೀಯ ಅರಣ್ಯ. ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್, ಸೀಡರ್ ಮರಗಳು ಅಲ್ಲಿ ಆಕಾಶಕ್ಕೆ ಹೋಗಿವೆ. ನೆಲ ಕಾಣುವುದಿಲ್ಲ, ಪಾಚಿ ಹಾಸಿದೆ. ಬಿದ್ದ ಮರದ ಮೈಮೇಲೆ ಹೊಸ ಮರಗಳು ಸಾಲಾಗಿ ಎದ್ದಿರುತ್ತವೆ.

ಕೆಚಿಕನ್ ಊರಿನ ನಡುವೆಯೇ ಒಂದು ಹೊಳೆ ಹರಿಯುತ್ತದೆ. ಅದರ ಕಟ್ಟೆಗೆ ಒರಗಿ ನಿಂತು ಹೊಸದುರ್ಗದ ಗೆಳೆಯ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, “ಇಷ್ಟೂ ನೀರು ಸುಮ್ನೆ ಸಮುದ್ರಕ್ಕೆ ಹೋಗ್ತೈತಲ್ಲಪ್ಪಾ” ಅಂದ. ಅವನ ದನಿಯಲ್ಲಿ ನೋವಿತ್ತು. ಬೋರು ಕೊರೆಸಿ ಕೊರೆಸಿ ಸೋತವನು, ಟ್ಯಾಂಕರಿನ ನೀರು ಹಾಕಿ ತೆಂಗು ಉಳಿಸಿಕೊಂಡವನು. ಅವನಿಗೆ ಹಾಗನ್ನಿಸಿದ್ದು ಸಹಜ. “ಹೋಗ್ಲೇಬೇಕು ಕಣಪ್ಪ, ಹೋದ್ರೇನೇ ಈ ಕಾಡು ಇರೋದು” ಎಂದು ಮೇಡಂ ಹೊಳೆಯೊಳಗೆ ತೋರಿಸಿದರು. ನೀರಿನಲ್ಲಿ ಸಾಲ್ಮನ್ ಮೀನುಗಳು ಹರಿವಿಗೆ ಎದುರಾಗಿ, ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು.

ಈ ಮೀನಿನ ಬದುಕು ಆ ಕಾಡಿನ ಬೀಗದ ಕೈ. ಅದು ಹುಟ್ಟುವುದು ಕಾಡಿನ ಹೊಳೆಯಲ್ಲಿ. ಮರಿಯಾಗಿರುವಾಗಲೇ ಸಮುದ್ರಕ್ಕೆ ಇಳಿದು, ಅಲ್ಲಿ ಕೆಲವು ವರ್ಷ ತಿಂದು ಬೆಳೆದು, ಕೊನೆಗೆ ಹುಟ್ಟಿದ ಹೊಳೆಯ ವಾಸನೆ ಹಿಡಿದು ಅದೇ ಹೊಳೆಗೆ ಮರಳುತ್ತದೆ. ಮೊಟ್ಟೆ ಇಟ್ಟು ಸಾಯುತ್ತದೆ. ಕರಡಿಗಳು ಮೀನನ್ನು ಹಿಡಿದು ಮರಗಳ ನಡುವೆ ಒಯ್ಯುತ್ತವೆ, ಅರ್ಧ ತಿಂದು ಬಿಡುತ್ತವೆ. ಹದ್ದು, ಕಾಗೆ, ಹುಳುಗಳಿಗೆ ಉಳಿದದ್ದು. ಆ ಮೀನಿನ ಮೈಯಲ್ಲಿದ್ದ ಸಾರಜನಕ ಮಣ್ಣಿಗೆ ಸೇರಿ ಮರಕ್ಕೆ ಏರುತ್ತದೆ. ಸಮುದ್ರದಿಂದ ಬಂದ ಸಾರಜನಕದ ಗುರುತನ್ನು ವಿಜ್ಞಾನಿಗಳು ಹೊಳೆಯಂಚಿನ ಸ್ಪ್ರೂಸ್ ಮರಗಳಲ್ಲಿ ಪತ್ತೆಹಚ್ಚಿದ್ದಾರೆ. ಬೆಟ್ಟದಿಂದ ಕೆಳಗೆ ಹೋದ ಸತ್ವವನ್ನು ಮೀನು ಹೊತ್ತು ಮೇಲಕ್ಕೆ ತರುತ್ತಿದೆ. ನದಿ ಸಮುದ್ರ ಸೇರಿದರೆ ನೀರು ದಂಡ ಎಂಬ ಮಾತನ್ನು ನಮ್ಮಲ್ಲಿ ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇವೆ. ಬಾಯಾರಿದವರ ಬಾಯಲ್ಲಿ ಆ ಮಾತು ಬರುವುದನ್ನು ನಾನು ತಪ್ಪೆನ್ನಲಾರೆ. ಆದರೆ ಅದು ಪೂರ್ತಿ ಸತ್ಯವಲ್ಲ ಎಂಬುದನ್ನು ಆ ಹೊಳೆಯ ಪಕ್ಕದಲ್ಲಿ ನಿಂತು ಒಪ್ಪಿಕೊಳ್ಳಬೇಕಾಗುತ್ತದೆ.

ಹಿರಿಯೂರಿನ ಗೆಳೆಯನಿಗೆ ನೀರೆಂದರೆ ಮಾರಿಕಣಿವೆ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ 1898ರಲ್ಲಿ ಕಟ್ಟಲು ತೊಡಗಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ, ಸುಮಾರು 30 ಟಿಎಂಸಿ ಹಿಡಿಯುವ ಜಲಾಶಯ. 130 ಅಡಿ ಆದರೆ ಭರ್ತಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಮೇಲೆ. ಒಂದಿಡೀ ತಲೆಮಾರು ಕೋಡಿ ನೋಡದೆ ಕಣ್ಣು ಮುಚ್ಚಿತು. ಆ ದಿನ ಕೋಡಿಯ ನೀರಿಗೆ ಕೈಮುಗಿದು ಅಳುತ್ತಿದ್ದ ಅಜ್ಜಂದಿರನ್ನು ಅವನು ಕಂಡಿದ್ದ. ಭದ್ರಾದ ನೀರೂ ಸೇರಿ 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಅಡಿ, ಅರ್ಧ ಅಡಿ ಎಂದು ದಿನವೂ ಮಟ್ಟ ಓದಿ ಬೆಳೆದವನಿಗೆ ಹಿಮನದಿಯ ಲೆಕ್ಕ ತಟ್ಟನೆ ಅರ್ಥವಾಯಿತು. ಹಿಮನದಿಯೂ ಒಂದು ಜಲಾಶಯವೇ. ಚಳಿಗಾಲದಲ್ಲಿ ಮೇಲೆ ಬೀಳುವ ಹಿಮ ಒಳಹರಿವು, ಬೇಸಿಗೆಯಲ್ಲಿ ಕೆಳಗೆ ಕರಗುವುದು ಹೊರಹರಿವು. ವರ್ಷವರ್ಷವೂ ಹೊರಹರಿವೇ ಹೆಚ್ಚಾದರೆ ಹಿಮದ ತುದಿ ಹಿಂದಕ್ಕೆ ಸರಿಯುತ್ತದೆ.

ಹಡಗು ನಿಲ್ಲುವ ಇನ್ನೊಂದು ಊರು ಸ್ಕಾಗ್ವೆ. ಅದನ್ನು ಬೇಗ ದಾಟುತ್ತೇನೆ. 1897-98ರ ಚಿನ್ನದ ಹುಚ್ಚಿನಲ್ಲಿ ಸಾವಿರಾರು ಜನ ಇಲ್ಲಿಂದ ಕಣಿವೆ ಹತ್ತಿ ಯೂಕಾನ್‌ಗೆ ಹೋದರು. ಒಂದು ವರ್ಷಕ್ಕೆ ಸಾಕಾಗುವಷ್ಟು ದಿನಸಿ, ಸಾಮಾನು ಇಲ್ಲದವರನ್ನು ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಆ ಹೊರೆ ಸುಮಾರು ಒಂದು ಟನ್. ಚಿನ್ನ ಸಿಕ್ಕಿದ್ದು ಕೆಲವರಿಗೆ ಮಾತ್ರ. ಆಗ ಹಾಕಿದ ಕಿರಿದಾದ ಹಳಿಯ ರೈಲು ಈಗ ಪ್ರವಾಸಿಗರನ್ನು ಕರೆದೊಯ್ಯುತ್ತದೆ. ಕೋಲಾರವನ್ನೂ, ನಮ್ಮ ಇಂಗಳದಾಳಿನ ತಾಮ್ರದ ಗಣಿಯನ್ನೂ ಬಲ್ಲವರಿಗೆ ಗಣಿ ಮುಗಿದ ಊರಿನ ಮುಖ ಗುರುತು ಸಿಗುತ್ತದೆ.

ಈಗ ಗ್ಲೇಸಿಯರ್ ಬೇ. ಪ್ರವಾಸದಲ್ಲಿ ಇದು ಇಲ್ಲದಿದ್ದರೆ ಬೇರೆ ಹಡಗು ಹುಡುಕಿ ಎಂದೇ ನನ್ನ ಸಲಹೆ. ಇದು ರಾಷ್ಟ್ರೀಯ ಉದ್ಯಾನ. ಬೇಸಿಗೆಯಲ್ಲಿ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ. ಬೆಳಿಗ್ಗೆ ಉದ್ಯಾನದ ರೇಂಜರ್‌ಗಳು ದೋಣಿಯಲ್ಲಿ ಬಂದು ನಮ್ಮ ಹಡಗು ಹತ್ತಿ, ದಿನವಿಡೀ ಧ್ವನಿವರ್ಧಕದಲ್ಲಿ ವಿವರಿಸುತ್ತಾರೆ. ಅಂದು ಹಡಗು ಯಾವ ಊರಿನಲ್ಲೂ ನಿಲ್ಲುವುದಿಲ್ಲ. ತೆರೆದ ಡೆಕ್ಕಿನಲ್ಲಿ ಕಂಬಳಿ ಹೊದ್ದು ನಿಲ್ಲಬೇಕು, ನೋಡಬೇಕು, ಅಷ್ಟೆ. ಬಾಲ್ಕನಿ ಇರುವ ಕೋಣೆಗೆ ದುಡ್ಡು ಸುರಿಯುವ ಬದಲು ಕಡಿಮೆ ಬೆಲೆಯ ಒಳಕೋಣೆ ತೆಗೆದುಕೊಂಡು ಒಂದು ಒಳ್ಳೆಯ ದುರ್ಬೀನು ಕೊಂಡರೆ ಲಾಭ. ಗುಂಪಿನಲ್ಲಿ ಹೋದವರಿಗೆ ಡೆಕ್ಕೇ ಮನೆ. ಒಬ್ಬರು ತಿಮಿಂಗಿಲದ ಉಸಿರು ಕಂಡರೆ ಇನ್ನೊಬ್ಬರು ಹಿಮದ ಹಲಗೆಯ ಮೇಲೆ ಮಲಗಿದ ಸೀಲ್ ಮರಿಯನ್ನು ಕಾಣುತ್ತಾರೆ. ಕೋಣೆಯ ಬಾಲ್ಕನಿಯಲ್ಲಿ ಗಂಡ-ಹೆಂಡತಿ ಇಬ್ಬರೇ ಕುಳಿತರೆ ಅರ್ಧ ದಿಕ್ಕು ಕಾಣುವುದೇ ಇಲ್ಲ.

1794ರಲ್ಲಿ ಇಂಗ್ಲಿಷ್ ನಾವಿಕ ಜಾರ್ಜ್ ವ್ಯಾಂಕೂವರನ ತಂಡ ಇಲ್ಲಿಗೆ ಬಂದಾಗ ಈ ಕೊಲ್ಲಿಯೇ ಇರಲಿಲ್ಲ. ಇದ್ದದ್ದು ಹಿಮದ ಒಂದು ಗೋಡೆ, ಅದರ ಮುಂದೆ ಸಣ್ಣದೊಂದು ಒಳಚಾಚು. 1879ರಲ್ಲಿ ಪ್ರಕೃತಿ ಲೇಖಕ ಜಾನ್ ಮ್ಯೂರ್ ಸ್ಥಳೀಯ ಟ್ಲಿಂಗಿಟ್ ಜನರ ದೋಣಿಯಲ್ಲಿ ಬಂದಾಗ ಹಿಮ ಹತ್ತಾರು ಕಿಲೋಮೀಟರು ಹಿಂದೆ ಸರಿದಿತ್ತು. ಈಗ ಒಟ್ಟು ನೂರು ಕಿಲೋಮೀಟರು ದಾಟಿದೆ. ಅಂದರೆ ನಮ್ಮ ಹಡಗು ಬೆಳಗಿನಿಂದ ಮಧ್ಯಾಹ್ನದವರೆಗೆ ಸಾಗಿದ ಆ ಇಡೀ ನೀರಿನ ಹಾದಿ, ಮದಕರಿ ನಾಯಕರ ಕಾಲದಲ್ಲಿ ಹಿಮದಡಿ ಇತ್ತು. ದುರ್ಗದ ಕಾಲಗಣನೆಯಲ್ಲಿ ಹೇಳಿದರೆ ಇದು ಎಷ್ಟು ಇತ್ತೀಚಿನದು ಎಂಬುದು ಮನಸ್ಸಿಗೆ ಇಳಿಯುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಕೊಲ್ಲಿಯ ಹಿಮ ಸರಿಯಲು ತೊಡಗಿದ್ದು ಕಾರ್ಖಾನೆಗಳ ಹೊಗೆ ದಟ್ಟವಾಗುವ ಮುಂಚೆ. ಕೆಲವು ಶತಮಾನಗಳ ತಂಪುಕಾಲವೊಂದು ಮುಗಿಯುತ್ತ ಬಂದದ್ದು, ಸಮುದ್ರಕ್ಕೆ ಚಾಚಿದ ಹಿಮನದಿ ಆಳದ ನೀರಿನಲ್ಲಿ ನೆಲೆ ತಪ್ಪಿ ಬೇಗಬೇಗ ಮುರಿದದ್ದು ಮೊದಲ ಕಾರಣಗಳು. ಆದರೆ ಇಂದು ಅಲಾಸ್ಕಾದ ಬಹುಪಾಲು ಹಿಮನದಿಗಳು ಒಟ್ಟಿಗೇ ತೆಳುವಾಗುತ್ತಿರುವುದಕ್ಕೆ ಮನುಷ್ಯ ಬಿಸಿಯೇರಿಸಿದ ಗಾಳಿ ಕಾರಣ. ಎರಡನ್ನೂ ಬೆರೆಸಿ ಹೇಳಿದರೆ ಅನುಮಾನ ಪಡುವವರ ಕೈಗೆ ಕೋಲು ಕೊಟ್ಟಂತೆ. ಬೇರ್ಪಡಿಸಿ ಹೇಳಿದರೆ ಎರಡೂ ನಿಲ್ಲುತ್ತವೆ.

ಇದು ಖಾಲಿ ಕಾಡಲ್ಲ ಎಂಬುದನ್ನೂ ಮರೆಯಬಾರದು. ಹಿಮ ಮುಂದಕ್ಕೆ ನುಗ್ಗಿ ಬರುವ ಮೊದಲು ಇಲ್ಲಿನ ಬಯಲಿನಲ್ಲಿ ಹೂನಾ ಟ್ಲಿಂಗಿಟ್ ಜನ ಮನೆ ಕಟ್ಟಿಕೊಂಡು ಮೀನು ಹಿಡಿದು ಬಾಳಿದ್ದರು. 18ನೆಯ ಶತಮಾನದ ಸುಮಾರಿಗೆ ಹಿಮ ಬಂದು ಅವರ ಊರುಗಳನ್ನು ಅಳಿಸಿತು. ಅವರು ನೀರು ದಾಟಿ ಹೂನಾ ಎಂಬಲ್ಲಿ ನೆಲೆಸಿದರು. ಹಿಮ ಸರಿದು ನೆಲ ಮತ್ತೆ ತೆರೆದಾಗ ಆ ನೆಲ ಸರ್ಕಾರದ ಸಂರಕ್ಷಿತ ಜಾಗವಾಯಿತು. 1925ರಲ್ಲಿ ರಾಷ್ಟ್ರೀಯ ಸ್ಮಾರಕ, 1980ರಲ್ಲಿ ರಾಷ್ಟ್ರೀಯ ಉದ್ಯಾನ. ಅಜ್ಜಂದಿರ ನೆಲದಲ್ಲೇ ಬೇಟೆಗೆ, ಮೊಟ್ಟೆ ಆರಿಸುವುದಕ್ಕೆ ಅಡ್ಡಿ ಬಂತು. 2016ರಲ್ಲಿ ಉದ್ಯಾನದ ಬಾರ್ಟ್‌ಲೆಟ್ ಕೋವ್‌ನಲ್ಲಿ ಅವರ ಕುಲದ ದೊಡ್ಡ ಮನೆಯೊಂದು ಮತ್ತೆ ಎದ್ದಿತು. ಅಣೆಕಟ್ಟೆಯ ಹಿನ್ನೀರಿಗೆ ಊರು ಬಿಟ್ಟವರ ನೆನಪು ನಮ್ಮ ಹೊಸದುರ್ಗದ ಕಡೆಯ ಮನೆಗಳಲ್ಲಿ ಇನ್ನೂ ಇದೆ. ನೀರು ಹೆಪ್ಪುಗಟ್ಟಿ ಬಂದರೂ ಹರಿದು ಬಂದರೂ ಮನೆ ಕಳೆದುಕೊಂಡವರ ಸಂಕಟ ಒಂದೇ.

ಕೊಲ್ಲಿಯ ಕೊನೆಯಲ್ಲಿ ಹಡಗು ಎಂಜಿನ್ನಿನ ಸದ್ದಡಗಿಸಿ ನಿಲ್ಲುತ್ತದೆ. ಎದುರಿಗೆ ಮಾರ್ಜರಿ ಹಿಮನದಿ. ಸುಮಾರು ಒಂದೂವರೆ ಕಿಲೋಮೀಟರು ಅಗಲ, ನೀರಿನ ಮೇಲೆ 250 ಅಡಿಯಷ್ಟು ಎತ್ತರ. ಬಣ್ಣ ನೀಲಿ. ವರ್ಷಗಟ್ಟಲೆ ಮೇಲಿನ ಹಿಮದ ಭಾರಕ್ಕೆ ಒಳಗಿನ ಗಾಳಿಗುಳ್ಳೆ ಹಿಂಡಿಹೋಗಿ ಹಿಮ ಗಟ್ಟಿಯಾಗುತ್ತದೆ. ಅದರೊಳಗೆ ಹೊಕ್ಕ ಬೆಳಕಿನ ಕೆಂಪು ಭಾಗವನ್ನು ಹಿಮ ಹೀರಿಕೊಳ್ಳುತ್ತದೆ, ನೀಲಿ ಹೊರಬರುತ್ತದೆ. ಆಗಾಗ ಒಂದು ಚೂರು ಕಳಚಿ ಬೀಳುತ್ತದೆ. ಬಿದ್ದದ್ದು ಕಂಡ ಕೆಲವು ಕ್ಷಣಗಳ ಮೇಲೆ ಗುಡುಗಿನ ಸದ್ದು ಬರುತ್ತದೆ. ಎಲ್ಲರೂ ಕ್ಯಾಮೆರಾ ಹಿಡಿದು ಆ ಕಡೆಗೇ ನುಗ್ಗಿದರು.

ಮೇಡಂ ಮಾತ್ರ ಬಲಕ್ಕೆ ತಿರುಗಿ ನಿಂತಿದ್ದರು. ಅಲ್ಲಿ ಮಾರ್ಜರಿಯ ಪಕ್ಕದಲ್ಲೇ ಕಪ್ಪು, ಕೊಳಕು, ಗಣಿಯ ಮಣ್ಣಿನ ಗುಡ್ಡೆಯೆಂದು ಯಾರಾದರೂ ಬಿಟ್ಟುಬಿಡಬಹುದಾದ ಒಂದು ರಾಶಿ. ಅದೇ ಗ್ರ್ಯಾಂಡ್ ಪೆಸಿಫಿಕ್ ಹಿಮನದಿ. ಒಂದು ಕಾಲದಲ್ಲಿ ಈ ಕೊಲ್ಲಿಯನ್ನು ತುಂಬಿದ್ದ ಮಹಾ ಹಿಮದ ಮುಖ್ಯ ಶಾಖೆ. ಬೆಟ್ಟಗಳಿಂದ ಕಿತ್ತು ತಂದ ಕಲ್ಲು-ಮಣ್ಣು ಅದರ ಮೈತುಂಬ ಹರಡಿ ಒಳಗಿನ ಹಿಮವೇ ಕಾಣುತ್ತಿಲ್ಲ. “ಇದನ್ನ ನೋಡ್ರಿ, ಇದೇ ನಮ್ಮೂರಿನ ಕಥೆ” ಅಂದರು. ಹೊಳಲ್ಕೆರೆಗೂ ಹಿಮನದಿಗೂ ಏನು ಸಂಬಂಧ ಎಂದು ನಾವು ಮುಖ ನೋಡಿಕೊಂಡೆವು. ಆಮೇಲೆ ಅವರು ಹೇಳಿದ್ದು ಆ ಪ್ರವಾಸದಲ್ಲಿ ನಾನು ಕೇಳಿದ ಅತ್ಯಂತ ದೊಡ್ಡ ಸಂಗತಿ.

ಹಿಮನದಿ ನುಣ್ಣನೆಯ ಹುಡಿಯಿಂದ ಹಿಡಿದು ಮನೆಯಷ್ಟು ದೊಡ್ಡ ಬಂಡೆಯವರೆಗೆ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಹೊರುತ್ತದೆ. ನದಿಯ ನೀರು ಹಾಗಲ್ಲ. ಭಾರದ್ದನ್ನು ಮೊದಲು, ಹಗುರವಾದದ್ದನ್ನು ಆಮೇಲೆ ಎಂದು ವಿಂಗಡಿಸಿ ಇಳಿಸುತ್ತದೆ. ಹಿಮಕ್ಕೆ ಈ ವಿಂಗಡಣೆ ಗೊತ್ತಿಲ್ಲ. ಅದು ಕರಗಿದಲ್ಲಿ ಎಲ್ಲವೂ ಕಲಸಿಕೊಂಡು ಕೂರುತ್ತದೆ. ಇನ್ನು ಹಿಮನದಿ ಸಮುದ್ರವನ್ನು ಮುಟ್ಟುವ ಕಡೆ ತೇಲುವ ಹಿಮಗಡ್ಡೆಗಳು ಕಲ್ಲುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ದೂರ ಸಾಗುತ್ತವೆ. ಕರಗುತ್ತ ಕರಗುತ್ತ ಒಂದೊಂದೇ ಕಲ್ಲನ್ನು ಆಳದ ನುಣುಪು ಕೆಸರಿನ ಮೇಲೆ ಬೀಳಿಸುತ್ತವೆ. ಸಣ್ಣ ಪದರಗಳ ಕೆಸರಿನ ನಡುವೆ ಎಲ್ಲಿಂದಲೋ ಬಂದ ಒಂಟಿ ಗುಂಡುಕಲ್ಲು ಕುಳಿತಿರುತ್ತದೆ. ಹರಿವ ನೀರು ಅಂಥ ಜೋಡಣೆ ಮಾಡಲಾರದು. ಕೋಟಿಗಟ್ಟಲೆ ವರ್ಷಗಳ ಮೇಲೆ ಆ ಕೆಸರು ಕಲ್ಲಾದರೂ ಆ ಗುರುತು ಉಳಿಯುತ್ತದೆ.

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಬಳಿ ಅಂಥ ಕಲ್ಲಿದೆ. ಭೂವಿಜ್ಞಾನದ ಪುಸ್ತಕಗಳಲ್ಲಿ ‘ತಾಳ್ಯ ಕಾಂಗ್ಲಾಮರೇಟ್’ ಎಂದೇ ಅದಕ್ಕೆ ಹೆಸರು. ಬೇರೆ ಬೇರೆ ಗಾತ್ರದ ಉಂಡೆಗಲ್ಲುಗಳು ನುಣುಪು ಕಲ್ಲಿನಲ್ಲಿ ಹುದುಗಿ ಗಟ್ಟಿಯಾದ ಶಿಲೆ. 2014ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ಮತ್ತು ನಮ್ಮ ಭೂವಿಜ್ಞಾನಿಗಳ ತಂಡವೊಂದು ಇದನ್ನು ಸುಮಾರು 270 ಕೋಟಿ ವರ್ಷಗಳ ಹಿಂದೆ ಹಿಮನದಿ ಸಮುದ್ರ ಸೇರುತ್ತಿದ್ದ ಜಾಗದಲ್ಲಿ ರೂಪುಗೊಂಡ ಶಿಲೆಯೆಂದು ಓದಿ ಪ್ರಬಂಧ ಪ್ರಕಟಿಸಿತು. ಈ ಓದು ಸರಿಯಾದರೆ ಭೂಮಿಯ ಅತಿ ಹಳೆಯ ಹಿಮನದಿಗಳ ಕೆಲವೇ ಕುರುಹುಗಳಲ್ಲಿ ಒಂದು ಹೊಳಲ್ಕೆರೆಯ ನೆಲದಲ್ಲಿದೆ. ಅಡಿಕೆ ಸಸಿ ನೀರಿಲ್ಲದೆ ಬಾಡುವ ಕಡೆ ಒಂದು ಕಾಲಕ್ಕೆ ಹಿಮಗಡ್ಡೆಗಳು ತೇಲುತ್ತಿದ್ದವು.

ಚಿತ್ರದುರ್ಗದ ಆಗ್ನೇಯಕ್ಕಿರುವ ಮರಡಿಹಳ್ಳಿಯ ಕಲ್ಲೂ ಹಳೆಯ ಸಮುದ್ರದ ಸಾಕ್ಷಿ. ಅಲ್ಲಿರುವುದು ದಿಂಬಿನಾಕಾರದ ಲಾವಾ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ತಕ್ಷಣ ತಣಿದು ಸಿಪ್ಪೆಯಾಗುತ್ತದೆ, ಒಳಗಿನದು ಉಬ್ಬಿ ಒಂದರ ಮೇಲೊಂದು ಕೂರುತ್ತದೆ. ನೀರಿನಡಿಯಲ್ಲದೆ ಇಂಥ ಆಕಾರ ಬರುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕೋಟೆ ನೋಡಲು ದುರ್ಗಕ್ಕೆ ಬರುವವರಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋಗುತ್ತಾರೆ? ನಾನೂ ಚಿತ್ರದುರ್ಗದಲ್ಲಿ ಓದಿದವನೇ. ಏಳು ಸುತ್ತಿನ ಕೋಟೆ, ಒನಕೆ ಓಬವ್ವನ ಕಿಂಡಿ, ಅಕ್ಕ-ತಂಗಿ ಹೊಂಡ ಎಲ್ಲ ಪಾಠದಲ್ಲಿದ್ದವು. ಸಮುದ್ರ ಇರಲಿಲ್ಲ.

ಇದನ್ನೆಲ್ಲ ಕೇಳಿದ ಮೇಲೆ ಆ ಕಪ್ಪು ರಾಶಿಯಿಂದ ಕಣ್ಣು ಕೀಳಲಾಗಲಿಲ್ಲ. ನೀರಿನಲ್ಲಿ ತೇಲುತ್ತಿದ್ದ ಮಣ್ಣುಬಣ್ಣದ ಹಿಮಗಡ್ಡೆಗಳನ್ನು ದುರ್ಬೀನಿನಲ್ಲಿ ಹುಡುಕಿದೆವು. ಒಂದರ ಮೈಯಲ್ಲಿ ಕಲ್ಲುಗಳು ಚೆನ್ನಾಗಿ ಕಾಣುತ್ತಿದ್ದವು. ಆ ಕಲ್ಲು ಎಲ್ಲಿ ಬೀಳುತ್ತದೋ ಅಲ್ಲಿ ಒಂದು ಹೊಸ ತಾಳ್ಯ ಶುರುವಾಗುತ್ತದೆ. ಕೊಲ್ಲಿಯ ನೀರು ಹಾಲು ಬೆರೆಸಿದ ಹಸಿರಾಗಿತ್ತು. ಹಿಮ ಬಂಡೆಯನ್ನು ಅರೆದು ಮಾಡಿದ ನುಣ್ಣನೆಯ ಹುಡಿ ನೀರಿನಲ್ಲಿ ತೇಲಿ ಬೆಳಕನ್ನು ಚದುರಿಸುವುದರಿಂದ ಆ ಬಣ್ಣ. ಆ ಹುಡಿಯೇ ತಳ ಸೇರಿ ಮುಂದೆ ನುಣುಪು ಕಲ್ಲಾಗುವುದು. ಪುಸ್ತಕದಲ್ಲಿ ಓದಿದರೆ ನಂಬಲು ಕಷ್ಟವಾಗುವ ಕೆಲಸ ಕಣ್ಣೆದುರು ನಡೆಯುತ್ತಿತ್ತು.

ಅಲ್ಲಿನ ನೆಲವೂ ಸುಮ್ಮನಿಲ್ಲ. ಕೊಲ್ಲಿಯ ಬಾಯಲ್ಲಿರುವ ಗುಸ್ಟೇವಸ್ ಎಂಬ ಸಣ್ಣ ಊರಿನ ಸುತ್ತ ನೆಲ ವರ್ಷಕ್ಕೆ ಸುಮಾರು ಒಂದು ಅಂಗುಲ ಮೇಲೇಳುತ್ತಿದೆ. ಇನ್ನೂರು-ಇನ್ನೂರೈವತ್ತು ವರ್ಷಗಳ ಹಿಂದೆ ಮೇಲಿದ್ದ ಹಿಮದ ಭಾರ ಇಳಿದುದರಿಂದ ಭೂಮಿ ನಿಧಾನವಾಗಿ ಉಸಿರೆಳೆದು ಏಳುತ್ತಿದೆ. ಜಗತ್ತಿನ ಎಷ್ಟೋ ಕಡೆ ಸಮುದ್ರ ಮೇಲೆ ಬಂದು ದಡ ನುಂಗುತ್ತಿರುವಾಗ ಇಲ್ಲಿ ದಡವೇ ಸಮುದ್ರದಿಂದ ಹೊರಬರುತ್ತಿದೆ.

ಜೂನೋದಲ್ಲಿ ನಮ್ಮ ಸಂತೋಷಕ್ಕೆ ಕಡಿವಾಣ ಬಿತ್ತು. ಇದು ಅಲಾಸ್ಕಾದ ರಾಜಧಾನಿ, ಆದರೆ ಹೊರಗಿನಿಂದ ಇಲ್ಲಿಗೆ ರಸ್ತೆಯೇ ಇಲ್ಲ. ಹಡಗಿನಲ್ಲಿ ಅಥವಾ ವಿಮಾನದಲ್ಲಿ ಬರಬೇಕು. ಊರಂಚಿನಲ್ಲೇ ಮೆಂಡನ್‌ಹಾಲ್ ಹಿಮನದಿ. ಅದರ ಪಕ್ಕದ ಒಂದು ಶಾಖೆ ಕರಗಿ ಹಿಂದೆ ಸರಿದಾಗ ಅಲ್ಲೊಂದು ಗುಂಡಿ ಉಳಿಯಿತು. ಬೇಸಿಗೆಯಲ್ಲಿ ಕರಗಿದ ನೀರು, ಮಳೆನೀರು ಅಲ್ಲಿ ತುಂಬುತ್ತದೆ. ಅದಕ್ಕೆ ಕಟ್ಟೆಯಾಗಿರುವುದು ಹಿಮ. ಒತ್ತಡ ಹೆಚ್ಚಾದಾಗ ನೀರು ಹಿಮದಡಿಯಿಂದ ದಾರಿ ಮಾಡಿಕೊಂಡು ಒಮ್ಮೆಲೇ ನುಗ್ಗುತ್ತದೆ. 2023, 2024, 2025, ಮೂರು ವರ್ಷವೂ ಆಗಸ್ಟ್‌ನಲ್ಲಿ ಹೀಗೆ ಪ್ರವಾಹ ಬಂತು. 2023ರಲ್ಲಿ ನದಿದಂಡೆ ಕುಸಿದು ಮನೆಗಳು ಹೊಳೆಗೆ ಬಿದ್ದವು, ಮರುವರ್ಷ ನೂರಾರು ಮನೆಗಳಿಗೆ ನೀರು ನುಗ್ಗಿತು. ಕೋಡಿ ಬಿದ್ದರೆ ಬಾಗಿನ ಕೊಡುವ ಊರಿನಿಂದ ಬಂದ ನಮಗೆ, ನೀರು ತುಂಬುವುದನ್ನು ಕಂಡು ಜನ ಮನೆ ಖಾಲಿ ಮಾಡುವ ಊರು ಬೇರೆಯೇ ಒಂದು ಲೋಕ.

ಪ್ರವಾಸಿಗರ ಭಾರವೂ ಅಲ್ಲಿ ಕಾಣುತ್ತದೆ. ಸುಮಾರು 32 ಸಾವಿರ ಜನರಿರುವ ಜೂನೋಗೆ 2023ರ ಒಂದು ಋತುವಿನಲ್ಲಿ ಹಡಗಿನಿಂದ 16 ಲಕ್ಷಕ್ಕೂ ಹೆಚ್ಚು ಜನ ಬಂದಿಳಿದರು. ಊರಿನವರು ಬೇಸತ್ತರು. 2024ರಿಂದ ದಿನಕ್ಕೆ ಐದಕ್ಕಿಂತ ಹೆಚ್ಚು ದೊಡ್ಡ ಹಡಗುಗಳು ಬರಕೂಡದೆಂದು ಊರಾಡಳಿತ ಮತ್ತು ಹಡಗು ಕಂಪನಿಗಳು ಒಪ್ಪಂದ ಮಾಡಿಕೊಂಡವು. ಹಡಗೂ ಎಣ್ಣೆ ಸುಡುತ್ತದೆ, ನಾವು ಅಲ್ಲಿಗೆ ಹೋಗಲು ಏರಿದ ವಿಮಾನವೂ ಸುಡುತ್ತದೆ. ಕರಗುತ್ತಿರುವ ಹಿಮವನ್ನು ನೋಡಲು ಹೋಗುವುದೇ ಅದನ್ನು ಕರಗಿಸುವ ಕೆಲಸದಲ್ಲಿ ಒಂದು ಪಾಲು. ನಾನು ಹೋಗಬೇಡಿ ಎನ್ನುವುದಿಲ್ಲ. ಮಕ್ಕಳನ್ನು ನೋಡಲು ಹೇಗೂ ಅಷ್ಟು ದೂರ ಹೋಗಿರುವವರು ಒಮ್ಮೆ ಹೋಗಿ, ಗ್ಲೇಸಿಯರ್ ಬೇ ಇರುವ ಹಡಗನ್ನೇ ಆರಿಸಿ, ಹೆಲಿಕಾಪ್ಟರಿನಲ್ಲಿ ಹಿಮದ ಮೇಲೆ ಇಳಿಸುವ ದುಬಾರಿ ಸವಾರಿಗಳನ್ನು ಬಿಡಿ. ಸಾಧ್ಯವಾದರೆ ಹೆಚ್ಚು ಜನರಿಲ್ಲದ ಮೇ ತಿಂಗಳಲ್ಲಿ ಹೋಗಿ, ಸಾಲ್ಮನ್ ನೋಡಲೇಬೇಕೆಂದರೆ ಜುಲೈ-ಆಗಸ್ಟ್.

ಇನ್ನೊಂದು ಕೆಲಸ ಊರಿನಲ್ಲೇ ಇದೆ. ಮರಡಿಹಳ್ಳಿಯ ಕಲ್ಲಿಗೆ ಸ್ಮಾರಕದ ಹೆಸರಾದರೂ ಇದೆ. ತಾಳ್ಯದ ಶಿಲೆಗೂ ಅಂಥ ರಕ್ಷಣೆ ಸಿಗಬೇಕು. ಹಿಮ, ಸಮುದ್ರ, 270 ಕೋಟಿ ವರ್ಷ ಎಂದು ಕನ್ನಡದಲ್ಲಿ ತಿಳಿಸುವ ಒಂದು ಫಲಕ ಅಲ್ಲಿರಬೇಕು. ಜಲ್ಲಿಗೆ ಒಡೆದು ಹೋದ ಕಲ್ಲು ಮತ್ತೆ ಬರುವುದಿಲ್ಲ. ಹೊಳಲ್ಕೆರೆ, ಹೊಸದುರ್ಗದ ಶಾಲೆಗಳ ಮೇಷ್ಟ್ರುಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಹುದು. ಕರೆದೊಯ್ಯುವಾಗ ಸುತ್ತಿಗೆ ಬೇಡ, ಬಾಟಲಿಯಲ್ಲಿ ನೀರಿದ್ದರೆ ಸಾಕು. ಒಣಗಿದ ಬಂಡೆಯ ಮೇಲೆ ನೀರು ಚಿಮುಕಿಸಿದರೆ ಹುದುಗಿರುವ ಗುಂಡುಕಲ್ಲುಗಳ ಅಂಚು ಬೇರೆಬೇರೆಯಾಗಿ ಎದ್ದು ಕಾಣುತ್ತದೆ, ಮಕ್ಕಳು ಅವುಗಳ ಗಾತ್ರ ಅಳೆದು ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳಬಹುದು.